ವಂಶಾವಳಿ ಬರೆಯಲು ಪರವಾನಗಿ ಬೇಕೆ?



ಹಣ ಪಡೆದು ವಂಶಾವಳಿ ಮಾಡಿಕೊಡುವವರಿಗೆ ಸರ್ಕಾರ ಲೈಸೆನ್ಸ್ ಕೊಡಬೇಕೆ, ಇಲ್ಲ ನಮ್ಮ ಕಟ್ಟುಪಾಡನ್ನು ನಾವೇ ಹಾಕಿಕೊಳ್ಳಬೇಕೆ ಎಂಬುದು ವಂಶಾವಳಿ ಸಂಶೋಧಕರ ಈ ಸಮ್ಮೇಳನದ ಮುಂದಿರುವ ಪ್ರಶ್ನೆ. ಲೈಸೆನ್ಸ್ ಬೇಡ ಎಂಬುದು ನನ್ನ ನಿಲುವು. ಆದರೆ ಬೇಡ ಎನ್ನುವ ನಾವು ಲೈಸೆನ್ಸಿಗಿಂತ ಬಿಗಿಯಾದ ಕಟ್ಟುಪಾಡಿಗೆ ತಲೆಬಾಗಲೇಬೇಕು.

ಲೈಸೆನ್ಸ್ ಕೇಳುವವರ ಸಂಕಟ ಸುಳ್ಳಲ್ಲ. ಪೌತಿ ಖಾತೆಯಿರಲಿ, ಪಾಲುಪಟ್ಟಿಯಿರಲಿ, ಭೂಸ್ವಾಧೀನದ ಪರಿಹಾರವಿರಲಿ, ಮೊದಲು ಕೇಳುವುದೇ ವಂಶವೃಕ್ಷವನ್ನು. ಎಷ್ಟೋ ಹಾಳೆಗಳಲ್ಲಿ ಗಂಡುಮಕ್ಕಳ ಹೆಸರು ಸಾಲಾಗಿ ಇರುತ್ತದೆ, ಮದುವೆಯಾಗಿ ಹೋದ ಅಕ್ಕತಂಗಿಯರ ಸುಳಿವೇ ಇರುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತು. 2005ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಇಷ್ಟಾದರೂ ಹಾಳೆಯಲ್ಲಿ ಒಂದು ಹೆಸರು ಬಿಟ್ಟರೆ ತನ್ನ ಪಾಲಿಗಾಗಿ ಆ ಹೆಣ್ಣುಮಗಳು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣುವುದಿಲ್ಲ.

ಲೈಸೆನ್ಸ್ ಇದನ್ನು ತಡೆಯುತ್ತದೆಯೆ? ನೋಂದಣಿ ಕಚೇರಿಯ ಮುಂದೆ ಕೂತು ದಸ್ತಾವೇಜು ಬರೆಯುವವರಿಗೆ ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇದೆ. ಪತ್ರ ಕ್ರಮವಾಗಿರುತ್ತದೆ ಎಂಬುದಕ್ಕೆ ಅದು ಖಾತರಿ. ಪಕ್ಷಗಾರ ಹೇಳಿದ ಮಕ್ಕಳ ಲೆಕ್ಕ ನಿಜ ಎಂಬುದಕ್ಕಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ಯೋಚಿಸಿದೆ. 1872ರ ಸಾಕ್ಷ್ಯ ಅಧಿನಿಯಮದ 32ನೇ ಕಲಮು, ತೀರಿಹೋದವರು ರಕ್ತಸಂಬಂಧದ ಬಗ್ಗೆ ಹೇಳಿದ ಮಾತನ್ನು ಸಾಕ್ಷ್ಯವಾಗಿ ಒಪ್ಪುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಉಳಿಸಿಕೊಂಡಿದೆ. ಅದು ಕೇಳುವುದು ಎರಡೇ: ಹೇಳಿದವರಿಗೆ ಆ ಸಂಬಂಧ ತಿಳಿಯಲು ವಿಶೇಷ ಅವಕಾಶವಿತ್ತೆ? ವ್ಯಾಜ್ಯ ಹುಟ್ಟುವ ಮೊದಲೇ ಹೇಳಿದರೆ? ಅವರ ಕೈಯಲ್ಲಿ ಯಾವ ಪರವಾನಗಿ ಇತ್ತು ಎಂದು ಕೇಳುವುದಿಲ್ಲ.

ಈಗ ಹೆಳವರ ಹೊತ್ತಿಗೆಯನ್ನು ನೆನೆಯಿರಿ. ಉತ್ತರ ಕರ್ನಾಟಕದ ಊರುಗಳಲ್ಲಿ ಕೆಲವು ವರ್ಷಕ್ಕೊಮ್ಮೆ ಹೆಳವರು ತಮ್ಮ ಒಕ್ಕಲಿನ ಮನೆಗೆ ಬರುತ್ತಾರೆ. ಬೆಡಗು, ಮೂಲ ಊರು, ಕವಲೊಡೆದ ಮನೆಗಳನ್ನೆಲ್ಲ ಓದಿ ಹೇಳುತ್ತಾರೆ. ಕಳೆದ ಸಲ ಬಂದುಹೋದ ಮೇಲೆ ಹುಟ್ಟಿದ ಕೂಸುಗಳ ಹೆಸರನ್ನು ಮನೆಯವರ ಎದುರೇ ಬರೆದುಕೊಂಡು, ಕಾಳುಕಡಿಯೋ ದನವೋ ಹಣವೋ ಕೊಟ್ಟದ್ದನ್ನು ಪಡೆದು ಹೋಗುತ್ತಾರೆ. ಆ ಕೂಸಿನ ಹೆಸರು ಬರೆಯುವಾಗ ಯಾವ ಹೊಲದ ಜಗಳವೂ ಹುಟ್ಟಿರಲಿಲ್ಲ. ಆ ಬರಹದ ಬೆಲೆ ಇರುವುದೇ ಅಲ್ಲಿ. ನಾಳೆ ಪದವಿ, ಪರೀಕ್ಷೆ, ಶುಲ್ಕ ಎಂದು ಲೈಸೆನ್ಸ್ ನಿಯಮ ಬಂದರೆ ಮೊದಲು ಹೊರಗುಳಿಯುವವರು ಇವರೇ. ಸುಳ್ಳು ವಂಶವೃಕ್ಷ ಬರೆಯಬಲ್ಲವನು ಮಾತ್ರ ಪರೀಕ್ಷೆ ಪಾಸಾಗಿ ಬೋರ್ಡು ಹಾಕಿಕೊಂಡು ಕೂರುತ್ತಾನೆ.

ಈ ಕಸುಬು ದೊಡ್ಡದಾಗಿ ಬೆಳೆದಿರುವ ಅಮೆರಿಕದ ಅನುಭವವೂ ನಮಗೆ ಬೇಕು. ಗುಸ್ತಾವ್ ಆಂಜೂ ಎಂಬಾತ ಕಳೆದ ಶತಮಾನದ ಆರಂಭದಲ್ಲಿ ಅಲ್ಲಿನ ಸಿರಿವಂತರಿಗೆ ಇಲ್ಲದ ಪೂರ್ವಜರನ್ನು ಮಾರಿದ. ನಿಜವಾದ ದಾಖಲೆಗಳ ನಡುವೆ ಒಂದೆರಡು ಸುಳ್ಳು ಕೊಂಡಿ ಸೇರಿಸುತ್ತಿದ್ದುದರಿಂದ ಮೋಸ ಬಹುಕಾಲ ನಡೆಯಿತು. ಅದನ್ನು ಬಯಲಿಗೆಳೆದವರು ಅವನ ಆಧಾರಗಳನ್ನು ಒಂದೊಂದಾಗಿ ತಾಳೆ ನೋಡಿದ ಸಂಶೋಧಕರು. 1964ರಲ್ಲಿ ಸಂಶೋಧಕರೇ ಕೂಡಿ ಅಲ್ಲೊಂದು ಪ್ರಮಾಣೀಕರಣ ಮಂಡಳಿ ಕಟ್ಟಿದರು. ಮಾಡಿದ ಕೆಲಸವನ್ನೇ ಪರಿಣತರ ಮುಂದಿಡಬೇಕು, 5 ವರ್ಷಕ್ಕೊಮ್ಮೆ ಪ್ರಮಾಣಪತ್ರವನ್ನು ನವೀಕರಿಸಿಕೊಳ್ಳಬೇಕು. ಮಂಡಳಿಗೆ ಸೇರದವರನ್ನು ಅದು ಹಿಡಿಯಲಾರದು, ಆ ಕೊರತೆ ಇದ್ದೇ ಇದೆ. ಆದರೂ ಅದು ಪರೀಕ್ಷಿಸುವುದು ಕೆಲಸವನ್ನು. ನಮಗೆ ಬೇಕಾದದ್ದು ಅದೇ ದಾರಿ.

ಒಂದು ಕಡೆ ಮಾತ್ರ ಸರ್ಕಾರ ಕೈ ಹಾಕಲೇಬೇಕು. ಡಿಎನ್ಎ ಪರೀಕ್ಷೆಗೆ ಒಬ್ಬರು ಒಪ್ಪಿದರೆ ಅವರ ದಾಯಾದಿಗಳೆಲ್ಲ ಬಯಲಾಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ ಹಳೆಯ ಕೊಲೆಗಾರನೊಬ್ಬ ದೂರದ ನೆಂಟರ ಡಿಎನ್ಎ ಮೂಲಕ ಸಿಕ್ಕಿದ. ಮೇರಿಲ್ಯಾಂಡ್ ರಾಜ್ಯ 2021ರಲ್ಲಿ ಇಂಥ ಹುಡುಕಾಟಕ್ಕೆ ನ್ಯಾಯಾಧೀಶರ ಅನುಮತಿ ಬೇಕೆಂದು ಕಾನೂನು ಮಾಡಿತು. ಬದುಕಿರುವವರ ಗುಟ್ಟನ್ನು ಕಾಯುವ ಕೆಲಸ ನಮ್ಮ ಒಳ್ಳೆಯತನದ ಮೇಲೆ ಬಿಡುವಂಥದ್ದಲ್ಲ.

ಮಧ್ಯಾಹ್ನ ಕಟ್ಟುಪಾಡಿನ ಕರಡು ಚರ್ಚೆಗೆ ಬರುತ್ತದೆ. ಪ್ರತಿ ಹೆಸರಿನ ಮುಂದೆ ಆಧಾರ ಬರೆಯಬೇಕು, ಆಧಾರ ಸಿಗದಿದ್ದರೆ ಹಾಗೆಂದೇ ಬರೆಯಬೇಕು. ಹೆಣ್ಣುಮಕ್ಕಳನ್ನು ಬಿಟ್ಟ ವಂಶಾವಳಿಗೆ ನಮ್ಮಲ್ಲಿ ಯಾರೂ ಸಹಿ ಹಾಕಬಾರದು. ದೂರು ಸಾಬೀತಾದರೆ ತಪ್ಪಿತಸ್ಥರ ಹೆಸರು ಬಹಿರಂಗವಾಗಬೇಕು. ಈ ಮೂರನ್ನು ಸಡಿಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಚರ್ಚೆಯನ್ನು ಹೆಳವ ಹಿರಿಯರೇ ಆರಂಭಿಸಲಿ.