ಬೆಂಗಳೂರಿನ ಹೋಟೆಲುಗಳಲ್ಲಿ ಮೂರು ದಿನ

ನಮ್ಮ ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗಿ ಬಂದವನನ್ನು ಊರಿನವರು ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ‘ಹೋದ ಕೆಲಸ ಆಯಿತೆ?’ ಎರಡನೆಯದು, ‘ಎಲ್ಲಿ ತಿಂಡಿ ತಿಂದೆ?’ ಮೊದಲನೆಯದಕ್ಕೆ ಉತ್ತರ ಚಿಕ್ಕದು. ಕಚೇರಿಯ ಕೆಲಸ ಒಂದೇ ಸಲಕ್ಕೆ ಆದದ್ದುಂಟೆ? ಎರಡನೆಯದರ ಉತ್ತರ ಮಾತ್ರ ಉದ್ದವಾಗಿರಬೇಕು. ದೋಸೆ ಎಷ್ಟು ಗರಿಯಾಗಿತ್ತು, ಚಟ್ನಿಗೆ ಏನು ಹಾಕಿದ್ದರು, ಕಾಫಿಗೆ ಎಷ್ಟು ತೆರಬೇಕಾಯಿತು, ಎಲ್ಲವನ್ನೂ ಬಿಡದೆ ವರದಿ ಮಾಡಬೇಕು.

ನಮ್ಮ ಅಜ್ಜಂದಿರಿಗೆ ಈ ಎರಡನೆಯ ಪ್ರಶ್ನೆಯೇ ಇರಲಿಲ್ಲ. ಆಗ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಯಲಹಂಕಗಳನ್ನು ಮುಟ್ಟಿಕೊಂಡು ಹೋಗುವ ಸಣ್ಣ ಹಳಿಯ ರೈಲು ಇತ್ತು. ಅದರ ಜೊತೆಗೆ ಓಡಿ ಗೆಲ್ಲಬಹುದೆಂದು ಹುಡುಗರು ಪಂದ್ಯ ಕಟ್ಟುತ್ತಿದ್ದರು. ಅದರಲ್ಲಿ ಕೂತವರೆಲ್ಲರ ಮಡಿಲಲ್ಲಿ ಒಂದೊಂದು ಬುತ್ತಿ. ರಾಗಿ ರೊಟ್ಟಿಯೋ, ಮೊಸರನ್ನವೋ, ಹುರಿಗಡಲೆ ಹಿಟ್ಟೋ, ಮನೆಯಿಂದ ಕಟ್ಟಿ ತಂದದ್ದನ್ನೇ ಉಣ್ಣಬೇಕು. ಗುರುತಿಲ್ಲದವರ ಕೈ ಅಡಿಗೆ ಉಂಡರೆ ಕುಲಕ್ಕೆ ಕುಂದು ಎಂಬ ಭಯ. ಬೆಂಗಳೂರಿನಲ್ಲಿ ಉಳಿಯಬೇಕಾದರೆ ಜಾತಿಗೊಂದು ಛತ್ರ; ಛತ್ರವಿಲ್ಲದ ಜಾತಿಯವರಿಗೆ ಮರದ ನೆರಳು. ಆ ರೈಲು ನಿಂತು, ೨೦೧೩ರಲ್ಲಿ ಅದೇ ದಾರಿಯಲ್ಲಿ ದೊಡ್ಡ ಹಳಿಯ ರೈಲು ಬಂತು. ಬುತ್ತಿ ಅದಕ್ಕೆ ಎಷ್ಟೋ ಮೊದಲೇ ಮಾಯವಾಗಿತ್ತು.

ಈಚೆಗೆ ನಾನು ನನ್ನ ಬಾಲ್ಯದ ಗೆಳೆಯನೊಬ್ಬನನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿದ್ದೆ. ಆತನ ಕಣ್ಣಿನ ಪೊರೆ ತೆಗೆದು ತಿಂಗಳಾಗಿತ್ತು. ಡಾಕ್ಟರು ಮತ್ತೊಮ್ಮೆ ಬರಹೇಳಿದ್ದರು. ಒಂದೇ ಸ್ಕೂಲಿನಲ್ಲಿ, ಒಂದೇ ತರಗತಿಯಲ್ಲಿ ಓದಿದವರು ನಾವು. ನಾನು ಮೇಷ್ಟ್ರಾದೆ, ಆತ ಬೇಸಾಯ ಹಿಡಿದ. ಪರೀಕ್ಷೆ ಅರ್ಧ ಗಂಟೆಯಲ್ಲಿ ಮುಗಿಯಿತು. “ಏನ್ ಮೇಷ್ಟ್ರೇ, ಹೆಂಗೂ ಕಣ್ಣು ಬಂದೈತೆ. ಬೆಂಗಳೂರು ಏನೇನ್ ತಿಂತೈತೋ ನೋಡ್ಕೊಂಡೇ ಹೋಗಾಣ” ಎಂದ. ಜಯನಗರದಲ್ಲಿ ನನ್ನ ಮಗನ ಮನೆ ಇತ್ತು. ಮೂರು ದಿನ ಉಳಿದೆವು. ಎರಡು ಮುದಿ ಹೊಟ್ಟೆಗೆ ಒಂದೇ ಪ್ಲೇಟು, ಆದರೆ ಪ್ರತಿ ಹೊತ್ತಿಗೂ ಬೇರೆ ಹೋಟೆಲು: ಇದು ನಾವು ಮಾಡಿಕೊಂಡ ನಿಯಮ.

ಮೊದಲು ಹೋದದ್ದು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ. ೧೯೪೩ರಲ್ಲಿ, ಹೆಸರೇ ಹೇಳುವಂತೆ, ಸುತ್ತಲಿನ ವಿದ್ಯಾರ್ಥಿಗಳಿಗಾಗಿ ತೆರೆದ ಹೋಟೆಲು. ಪಂಚೆಯುಟ್ಟ ಮಾಣಿ ಹನ್ನೆರಡೋ ಹದಿನೈದೋ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ತೋಳಿನುದ್ದಕ್ಕೂ ಪೇರಿಸಿಕೊಂಡು, ಗಿಜಿಗುಟ್ಟುವ ಜನರ ನಡುವೆ ದಾರಿ ಮಾಡಿಕೊಂಡು ಬರುವುದನ್ನು ನೋಡಬೇಕು. ದೋಸೆ ಮಂದ, ಕೆಂಪು, ಗರಿಗರಿ, ಚಟ್ನಿ ನೀರು. “ಇಷ್ಟು ತೆಳ್ಳಗೆ ಚಟ್ನಿ ಮಾಡಿದ್ರೆ ನಮ್ಮನೇಲಿ ಜಗಳ ಆಗ್ತಿತ್ತು” ಎಂದು ಗೆಳೆಯ ಗೊಣಗಿದ. ಗೊಣಗುತ್ತಲೇ ಎರಡನೆಯ ಸಲ ಹಾಕಿಸಿಕೊಂಡ.

ಮಾರನೆಯ ಬೆಳಗ್ಗೆ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ೧೯೨೪ರಲ್ಲಿ ಇದನ್ನು ಪ್ರಾರಂಭಿಸಿದಾಗ ಇದರ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. ಆ ಕಾಲದಲ್ಲಿ ಅಂಥ ಹೆಸರು ಅಪರೂಪವಲ್ಲ. ಅಡಿಗೆಯವನ ಜಾತಿಯೇ ಹೋಟೆಲಿಗೆ ಜಾಹೀರಾತು. ೧೯೬೦ರಲ್ಲಿ ಈಗಿನ ಜಾಗಕ್ಕೆ ಬಂದು ಹೊಸ ಹೆಸರು ಪಡೆಯಿತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದವರು ಇವರೇ. ಅಭಾವ ಹೋಯಿತು, ರವೆ ಇಡ್ಲಿ ಉಳಿಯಿತು.

ನನ್ನ ಮನಸ್ಸಿಗೆ ಹಿಡಿದದ್ದು ಇನ್ನೊಂದು ವಿಷಯ. ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳು ನಡೆಯುವ ರೀತಿಯನ್ನು ನೋಡಿ ಬಂದರು. ತಂದದ್ದು ಹೊಸ ತಿಂಡಿಯ ವಿಧಾನವನ್ನಲ್ಲ. ಪಾತ್ರೆ, ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಕ್ರಮವನ್ನು. ಅಲ್ಲಿ ನಮಗೆಂದು ಬೇರೆ ಮೇಜು ಕೊಡುವುದಿಲ್ಲ. ಜಾಗವಿದ್ದ ಕಡೆ ಕೂರಬೇಕು. ನಮ್ಮೆದುರಿಗೆ ಯಾರೋ ವಕೀಲರು, ಪಕ್ಕದಲ್ಲಿ ಒಬ್ಬ ತಾಯಿ ಮತ್ತು ಮಗು. ಹಬೆಯ ವಿಷಯವನ್ನು ನಾನು ಹೇಳಿದಾಗ ಗೆಳೆಯ ಕಾಫಿ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. “ಅಂಗಾರೆ ಲೋಟ ಚೊಕ್ಕ ಆಗೋಕೆ ಬಿಸಿನೀರು ಸಾಕು ಅನ್ನು” ಎಂದ. ನಾನು ಮಾತಾಡಲಿಲ್ಲ. ಆತ ಯಾವ ಲೋಟವನ್ನು ನೆನೆಯುತ್ತಿದ್ದಾನೆಂದು ನನಗೆ ಗೊತ್ತಿತ್ತು.

೧೯೬೦ರ ಸುಮಾರಿನ ಮಾತು. ನಮ್ಮ ಕಡೆಯ ಒಂದು ಹೋಟೆಲು. ಸಂತೆಯ ದಿನ ನಮ್ಮಪ್ಪ ನನ್ನನ್ನು ಒಳಗೆ ಬೆಂಚಿನ ಮೇಲೆ ಕೂರಿಸಿ ಬೋಂಡ ಕೊಡಿಸುತ್ತಿದ್ದರು. ಗೆಳೆಯ ತನ್ನಪ್ಪನ ಜೊತೆ ಹೋಟೆಲಿನ ಹಿಂದುಗಡೆ ನಿಲ್ಲುತ್ತಿದ್ದ. ಅವರಿಗಾಗಿ ಗೋಡೆಯ ಗೂಡಿನಲ್ಲಿ ಬೇರೆ ಲೋಟಗಳಿದ್ದವು. ತಾವೇ ತೆಗೆದುಕೊಳ್ಳಬೇಕು, ಮೇಲಿನಿಂದ ಹೊಯ್ದ ಕಾಫಿಯನ್ನು ಹಿಡಿದು ಕುಡಿಯಬೇಕು, ತಾವೇ ತೊಳೆದು ಬೋರಲು ಹಾಕಿ ಹೋಗಬೇಕು. ಕಾಸು ಮಾತ್ರ ನಮ್ಮಷ್ಟೇ. ಬೆಳಗ್ಗೆ ಒಂದೇ ಹಲಗೆಯ ಮೇಲೆ ಕೂತು ಮಗ್ಗಿ ಹೇಳಿದ ಹುಡುಗರು ನಾವು. ಕಿಟಕಿಯಲ್ಲಿ ಒಬ್ಬರಿಗೊಬ್ಬರು ಕಾಣುತ್ತಿದ್ದೆವು. ನಾನು ಬೋಂಡ ತಿಂದೆ. ಒಂದು ದಿನವೂ ಯಾರನ್ನೂ ಏನೂ ಕೇಳಲಿಲ್ಲ.

ಅದು ಕಾನೂನಿಲ್ಲದ ಕಾಲವಾಗಿರಲಿಲ್ಲ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ಹದಿನೈದನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿಂದ ತಡೆಯಕೂಡದೆಂದು ಬರೆದಿದೆ. ದೇಶದ ಮೂಲ ಶಾಸನದಲ್ಲಿ ಹೋಟೆಲಿಗೇನು ಕೆಲಸ ಎಂದು ಯಾರಾದರೂ ನಕ್ಕಾರು. ಹಿಂದುಗಡೆ ನಿಂತು ಕಾಫಿ ಕುಡಿದವರು ನಗುವುದಿಲ್ಲ. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಪಡಗಗಳನ್ನು ಬಳಸಲು ಬಿಡದಿರುವುದೂ ಅಪರಾಧವೆಂದು ಹೇಳಿತು. ದಿಲ್ಲಿಯಲ್ಲಿ ಲೋಟದ ಬಗ್ಗೆ ಕಾನೂನಾಗಿ ಐದು ವರ್ಷವಾದ ಮೇಲೂ ನಮ್ಮ ಗೋಡೆಯ ಗೂಡಿನಲ್ಲಿ ಆ ಲೋಟಗಳು ಇದ್ದೇ ಇದ್ದವು.

ಬೆಂಗಳೂರಿಗೆ ಹಿಂತಿರುಗೋಣ. ಮಧ್ಯಾಹ್ನ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿಗೆ ಹೋದೆವು. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅರ್ಧ ಶತಮಾನ ಇದ್ದು, ೨೦೦೯ರಲ್ಲಿ ಇಲ್ಲಿಗೆ ಬಂದದ್ದು. ಬಿಳಿಯ ಉಡುಪು, ಅಗಲವಾದ ಪಟ್ಟಿ, ತಲೆಗೆ ರುಮಾಲು ಧರಿಸಿದ ಬಡಿಸುವವರನ್ನು ನೋಡಿ ಗೆಳೆಯ ಅರಮನೆಯ ಜವಾನರೆಂದು ತಿಳಿದ. ನಿಜವಾಗಿ ಅವರು ಒಡೆಯರು. ಕಾಫಿ ಮಂಡಲಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು, ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲನೆಯ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, ೧೯೫೭ರ ಆಗಸ್ಟ್ ೧೯ರಂದು. ಕಾಫಿ ತಂದಿಟ್ಟವನೇ ಹೋಟೆಲಿನ ಪಾಲುದಾರನೆಂದು ತಿಳಿದ ಮೇಲೆ ಗೆಳೆಯ ಎರಡು ಕೈಯಿಂದ ಲೋಟ ತೆಗೆದುಕೊಂಡ.

ರಾತ್ರಿ ಮಿಲಿಟರಿ ಹೋಟೆಲು. ಅಲ್ಲಿ ಬಾಳೆಯೆಲೆಯ ಮೇಲೆ ನಮ್ಮ ರಾಗಿ ಮುದ್ದೆಯನ್ನೇ ಕಂಡು ಆತನಿಗೆ ನಗು ತಡೆಯಲಾಗಲಿಲ್ಲ. ಊರಿನಲ್ಲಿ ದಿನವೂ ಉಣ್ಣುವುದನ್ನು ಇಲ್ಲಿ ದುಡ್ಡು ಕೊಟ್ಟು, ಸರದಿ ಕಾದು ಉಣ್ಣುತ್ತಾರೆ! ಊಟವಾದ ಮೇಲೆ ಮಗ ಒತ್ತಾಯ ಮಾಡಿ ನಮ್ಮನ್ನು ಒಂದು ಬಿಯರ್ ಪಬ್ಬಿಗೂ ಕರೆದೊಯ್ದ. ನಾವು ನಿಂಬೆಹಣ್ಣಿನ ಪಾನಕ ಕುಡಿದೆವು. “ಇಷ್ಟು ಕತ್ತಲೆ ಯಾಕಪ್ಪಾ? ಈಗ್ತಾನೆ ಕಣ್ಣಿಗೆ ಖರ್ಚು ಮಾಡಿದೀನಿ” ಎಂದು ಗೆಳೆಯ ಬೇಗನೆ ಎದ್ದುಬಿಟ್ಟ.

ಹೊರಗೆ ಬೀದಿಯ ಮೂಲೆಯಲ್ಲಿ ಗೋಬಿ ಮಂಚೂರಿ ಗಾಡಿ. ಚಿಂತಾಮಣಿಯಲ್ಲಿಯೂ ಸಂಜೆಯಾದರೆ ಇದರದೇ ವಾಸನೆ. “ಇದು ಚೀನಾದವರ ತಿಂಡಿಯಂತೆ” ಎಂದ. ಪಾಪ, ಚೀನಾದವರಿಗೆ ಇದರ ಪರಿಚಯವಿಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್ ಎಂಬ ಬಾಣಸಿಗರು ೧೯೭೫ರಲ್ಲಿ ಮುಂಬಯಿಯಲ್ಲಿ ಕೋಳಿ ಮಾಂಸದಿಂದ ಮಂಚೂರಿ ಮಾಡಿದರೆಂದು ಹೇಳುತ್ತಾರೆ. ಕೋಳಿ ಹೋಗಿ ಹೂಕೋಸು ಬಂದದ್ದು ನಮ್ಮವರ ಜಾಣತನ. ಇದಕ್ಕೆ ಹಾಕುವ ಕೃತಕ ಬಣ್ಣವನ್ನು ನಮ್ಮ ಸರ್ಕಾರ ೨೦೨೪ರ ಮಾರ್ಚಿಯಲ್ಲಿ ನಿಷೇಧಿಸಿದೆಯೆಂಬುದನ್ನು ತಿನ್ನುವವರು ಮರೆಯಬಾರದು.

ಚೀನಾದ ನಿಜವಾದ ಹೋಟೆಲು ನೋಡಬೇಕಾದರೆ ಚೆಂಗ್ಡು ಎಂಬ ದೊಡ್ಡ ನಗರದ ಚಹಾ ಮನೆಗಳ ವಿಚಾರ ಓದಬೇಕು. ಇಪ್ಪತ್ತನೆಯ ಶತಮಾನದ ಆರಂಭಕ್ಕೇ ಆ ಒಂದು ಊರಿನಲ್ಲಿ ನಾನೂರಕ್ಕೂ ಮೇಲ್ಪಟ್ಟು ಚಹಾ ಮನೆಗಳಿದ್ದವು. ಬಿದಿರಿನ ಕುರ್ಚಿ, ಮುಚ್ಚಳವಿರುವ ಬಟ್ಟಲು. ಒಂದು ಸಲ ಕಾಸು ಕೊಟ್ಟರೆ ಬಿಸಿನೀರು ಹೊಯ್ಯಿಸಿಕೊಳ್ಳುತ್ತಾ ಇಡೀ ದಿನ ಕೂರಬಹುದು. ವ್ಯಾಪಾರ, ಕತೆ, ಹಾಡು ಎಲ್ಲವೂ ಅಲ್ಲಿಯೇ. ಇಬ್ಬರಿಗೆ ವ್ಯಾಜ್ಯವಾದರೆ ದೊಡ್ಡ ಮನುಷ್ಯನೊಬ್ಬನನ್ನು ಕರೆದು ಚಹಾ ಮನೆಯಲ್ಲಿ ಪಂಚಾಯಿತಿ ಮಾಡಿಸುತ್ತಿದ್ದರು. ಸೋತವನು ಎಲ್ಲರ ಚಹಾಕ್ಕೂ ದುಡ್ಡು ತೆರಬೇಕು. ನಮ್ಮ ಅರಳಿಕಟ್ಟೆಗೆ ಮಾಡು ಹಾಕಿದಂತೆ! ಆದರೆ ಅಲ್ಲಿಯೂ ಎಲ್ಲರಿಗೂ ಜಾಗವಿರಲಿಲ್ಲ. ಬಹುಕಾಲ ಹೆಂಗಸರು ಒಳಗೆ ಬರುವಂತಿರಲಿಲ್ಲ. ನಿಧಾನವಾಗಿ, ವಾದವಿವಾದಗಳಾದ ಮೇಲೆ, ಬಾಗಿಲು ತೆರೆಯಿತು. ನಮ್ಮ ಹೋಟೆಲುಗಳಲ್ಲೂ ಹೆಂಗಸರಿಗೆಂದು ಪರದೆ ಹಾಕಿದ ‘ಫ್ಯಾಮಿಲಿ ರೂಮು’ ಇದ್ದದ್ದು ಹಳಬರಿಗೆ ನೆನಪಿರಬಹುದು. ಯಾವ ದೇಶವೇ ಆಗಲಿ, ಊರಿನಲ್ಲಿ ಯಾರು ಯಾರ ಪಕ್ಕದಲ್ಲಿ ಕೂರಬಹುದೆಂಬ ಲೆಕ್ಕ ಮೊದಲು ತಿಳಿಯುವುದು ಇಂಥ ಮನೆಗಳಲ್ಲಿ.

ಮೂರನೆಯ ದಿನ, ಬಸ್ಸಿಗೆ ಹೊರಡುವ ಮುಂಚೆ, ಮಗನ ಮನೆಯ ಹತ್ತಿರದ ದರ್ಶಿನಿಯಲ್ಲಿ ಕಾಫಿ ಕುಡಿಯಲು ನಿಂತೆವು. ದರ್ಶಿನಿಯೆಂಬುದು ಬೆಂಗಳೂರಿನವರೇ ಕಂಡುಹಿಡಿದ ಏರ್ಪಾಡು. ೧೯೮೩ರಲ್ಲಿ ಇದೇ ಜಯನಗರದಲ್ಲಿ ಕೆಫೆ ದರ್ಶಿನಿಯಿಂದ ಪ್ರಾರಂಭವಾದದ್ದು. ಕುರ್ಚಿಯಿಲ್ಲ, ಮಾಣಿಯಿಲ್ಲ, ಪರದೆಯಿಲ್ಲ. ಚೀಟಿ ಕೊಂಡು ಕೊಟ್ಟರೆ ಕಣ್ಣೆದುರಿಗೇ ಮಾಡಿ ಕೊಡುತ್ತಾರೆ. ಎದೆಯೆತ್ತರದ ಮೇಜಿನ ಮುಂದೆ ಎಲ್ಲರೂ ನಿಂತೇ ತಿನ್ನಬೇಕು. ಕಾರಿನಲ್ಲಿ ಬಂದವನೂ, ಕಟ್ಟಡಕ್ಕೆ ಕಲ್ಲು ಹೊರುವವನೂ ಒಂದೇ ಮೇಜಿಗೆ ಮೊಳಕೈಯೂರುತ್ತಾರೆ. ಯಾರೂ ಯಾರನ್ನೂ ‘ನೀವು ಯಾವ ಪೈಕಿ’ ಎಂದು ಕೇಳುವುದಿಲ್ಲ. ಕೇಳಲು ಪುರಸೊತ್ತೂ ಇಲ್ಲ.

ಕಾಫಿ ಮುಗಿಯಿತು. ನಾನು ಲೋಟವನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಳ್ಳುತ್ತಿದ್ದೆ. ತಿರುಗಿ ನೋಡಿದರೆ ಗೆಳೆಯನಿಲ್ಲ. ಮೂಲೆಯ ನಲ್ಲಿಯ ಹತ್ತಿರ ನಿಂತು, ತನ್ನ ಲೋಟವನ್ನು ಬೆರಳು ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಅರವತ್ತು ವರ್ಷದ ಹಿಂದಿನ ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ಮೇಜು ಒರೆಸುವ ಹುಡುಗ ಓಡಿ ಬಂದು, “ಅಲ್ಲೇ ಇಡಿ ತಾತಾ, ನಾವು ತೊಳೀತೀವಿ” ಎಂದು ಲೋಟ ಇಸಿದುಕೊಂಡ. ಗೆಳೆಯ ಒಂದು ಗಳಿಗೆ ತನ್ನ ಒದ್ದೆ ಕೈಯನ್ನೇ ನೋಡಿಕೊಂಡ. “ಮರೆತ್ನಪ್ಪಾ” ಎಂದ. ಏನನ್ನು ಮರೆತನೆಂದು ಹುಡುಗನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

ಬಸ್ಸಿನಲ್ಲಿ ಹೊಸಕೋಟೆ ದಾಟಿದ ಮೇಲೆ ನಾನು ಧೈರ್ಯ ಮಾಡಿ ಕೇಳಿದೆ: “ಆವತ್ತು ನಾನು ಒಳಗೆ ಕೂತು ತಿಂತಿದ್ನಲ್ಲ, ನಿನಗೆ ನನ್ನ ಮೇಲೆ ಕೋಪ ಬರಲಿಲ್ಲವೇನೋ?” ಆತ ಕಿಟಕಿಯಾಚೆ ನೋಡುತ್ತಾ, “ಕೋಪ ಬಂದಿತ್ತು ಮೇಷ್ಟ್ರೇ” ಎಂದ. ಅಷ್ಟೆ. ಸಮಾಧಾನದ ಮಾತೇನನ್ನೂ ಆಡಲಿಲ್ಲ, ನಾನೂ ನಿರೀಕ್ಷಿಸಬಾರದಾಗಿತ್ತು.

ಸಂತೆಯ ದಿನದ ಆ ಹೋಟೆಲು ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಫೋನಿನ ಅಂಗಡಿಯಿದೆ. ಆದರೆ ಗೂಡಿನ ಲೋಟ ಎಲ್ಲ ಕಡೆಯೂ ಹೋಯಿತೆಂದು ನಾನು ಹೇಳಲಾರೆ. ಕೆಲವು ಹಳ್ಳಿಗಳ ಚಹಾ ಅಂಗಡಿಗಳಲ್ಲಿ ಅದು ವೇಷ ಬದಲಾಯಿಸಿದೆ. ಕೆಲವರಿಗೆ ಗಾಜಿನ ಲೋಟ, ಕೆಲವರಿಗೆ ಎಸೆಯುವ ಕಾಗದದ ಲೋಟ. ‘ಶುಚಿತ್ವಕ್ಕಾಗಿ’ ಎನ್ನುತ್ತಾರೆ. ಶುಚಿತ್ವಕ್ಕಾದರೆ ಎಲ್ಲರಿಗೂ ಕಾಗದದ್ದೇ ಕೊಡಬಹುದಲ್ಲ? ಇಲ್ಲವೆ ಮಯ್ಯರು ಮಾಡಿದಂತೆ ಎಲ್ಲರ ಲೋಟವನ್ನೂ ಹಬೆಗೆ ಹಿಡಿಯಬಹುದಲ್ಲ? ನಿಮ್ಮ ಊರಿನ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯುವಾಗ, ಕಿಟಕಿಯಾಚೆ ಯಾರಾದರೂ ನಿಂತಿದ್ದಾರೆಯೇ ಎಂದು ಒಮ್ಮೆ ನೋಡಿ. ಇದ್ದರೆ, ಏಕೆಂದು ಕೇಳಿ. ನಾನು ಕೇಳಲಿಲ್ಲ.

ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಇಳಿದಾಗ ಪರಿಚಯದವರೊಬ್ಬರು ಎದುರಾಗಿ, ವಾಡಿಕೆಯಂತೆ, “ಹೋದ ಕೆಲಸ ಆಯ್ತಾ?” ಎಂದರು. ಆಮೇಲೆ, “ಎಲ್ಲಿ ತಿಂಡಿ ತಿಂದ್ರಿ?” ಗೆಳೆಯ ಚೀಲ ಕೆಳಗಿಟ್ಟು, ಗಾಂಧಿ ಬಜಾರಿನ ನೀರು ಚಟ್ನಿಯಿಂದ ಪ್ರಾರಂಭಿಸಿದ. ವರದಿ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು.