ಬೇಡ ಅನ್ನಲೂ ಶಕ್ತಿ ಬೇಕು

ಬೆಳಗ್ಗೆ ಆರಕ್ಕೇ ಶಟರ್ ಎತ್ತುವ ಕಿರಾಣಿ ಅಂಗಡಿಯವರನ್ನು ಒಮ್ಮೆ ಗಮನಿಸಿ. ಹಾಲು ಎಷ್ಟು ಕ್ರೇಟು ಇಳಿಸಿಕೊಳ್ಳುವುದು? ನಿನ್ನೆ ಉಳಿದ ಬ್ರೆಡ್ ಇಡುವುದೋ, ವಾಪಸ್ ಕಳಿಸುವುದೋ? ತೊಗರಿಬೇಳೆ ರೇಟು ಏರಿದೆ. ಇವತ್ತೇ ಬದಲಿಸುವುದೋ, ಹಳೇ ಸ್ಟಾಕು ಮುಗಿದ ಮೇಲೋ? ಅಷ್ಟರಲ್ಲಿ ಕಂಪನಿಯ ಹುಡುಗ ಬಂದು ‘ಅಣ್ಣಾ, ಡಜನ್ನಿಗೆ ಒಂದು ಫ್ರೀ, ಸ್ಕೀಮು ಇವತ್ತೇ ಲಾಸ್ಟು’ ಅನ್ನುತ್ತಾನೆ. ಜಿಎಸ್‌ಟಿ ರಿಟರ್ನಿಗೆ ಬಿಲ್ಲು ಕಳಿಸಿ ಎಂದು ಅಕೌಂಟೆಂಟ್ ಫೋನು. ಒಂದೊಂದೂ ಸಣ್ಣದೇ. ಆದರೆ ಎಲ್ಲಕ್ಕೂ ಹೂಂ ಅಥವಾ ಊಹೂಂ ಅನ್ನಬೇಕಾದವರು ಒಬ್ಬರೇ.

ಮೈ ದಣಿದರೆ ಕೂತು ಸುಧಾರಿಸಿಕೊಳ್ಳಬಹುದು. ತೀರ್ಮಾನ ಮಾಡಿ ಮಾಡಿ ಬರುವ ಈ ದಣಿವು ಗಲ್ಲಾದ ಮುಂದೆ ಕೂತಲ್ಲೇ ಏರುವಂಥದ್ದು. ರಾತ್ರಿ ಎಂಟೂವರೆಗೆ, ಹಳೇ ಬಾಕಿ ತೀರಿಸದವರು ಬಂದು ಮತ್ತೆ ಉದ್ರಿ ಕೇಳುತ್ತಾರೆ. ‘ಆಯ್ತು, ಬರ್ಕೋತೀನಿ, ತಗೊಂಡ್ಹೋಗಿ.’ ನೋಡಿದವರಿಗೆ ಧಾರಾಳ ಮನಸ್ಸು ಅನ್ನಿಸುತ್ತದೆ. ನಿಜಕ್ಕೂ ಬೇಡ ಅನ್ನಲು, ಕಾರಣ ಹೇಳಲು, ಎದುರಿನ ಮುಖ ಗಂಟಾಗುವುದನ್ನು ನೋಡಲು ಆ ಹೊತ್ತಿಗೆ ತ್ರಾಣ ಉಳಿದಿರುವುದಿಲ್ಲ.

ಇದು ಅಂಗಡಿಯವರ ಪಾಡು ಮಾತ್ರವಲ್ಲ. ಇಸ್ರೇಲಿನ ನ್ಯಾಯಾಧೀಶರು ಕೈದಿಗಳ ಪೆರೋಲ್ ಅರ್ಜಿಗಳ ಮೇಲೆ ಕೊಟ್ಟ ಸಾವಿರಕ್ಕೂ ಹೆಚ್ಚು ತೀರ್ಪುಗಳ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಊಟ–ತಿಂಡಿಯ ವಿರಾಮ ಮುಗಿದ ಕೂಡಲೇ ನೂರಕ್ಕೆ ಸುಮಾರು 65 ಅರ್ಜಿಗಳಿಗೆ ಒಪ್ಪಿಗೆ. ಮುಂದಿನ ವಿರಾಮ ಹತ್ತಿರವಾಗುತ್ತ ಅದು ಸೊನ್ನೆಯತ್ತ ಇಳಿದಿತ್ತು. ಅರ್ಜಿಗಳು ಬರುತ್ತಿದ್ದ ಸರದಿಯೇ ಇದಕ್ಕೆ ಕಾರಣವಿರಬಹುದು ಎಂದು ಬೇರೆ ವಿದ್ವಾಂಸರು ತಕರಾರು ತೆಗೆದಿದ್ದಾರೆ. ಆ ವಾದ ಏನೇ ಇರಲಿ, ದಣಿದ ಮನಸ್ಸು ಸುಲಭದ ದಾರಿ ಹಿಡಿಯುತ್ತದೆ ಎಂದೇ ನಾನು ನಂಬುತ್ತೇನೆ. ನ್ಯಾಯಾಧೀಶರಿಗೆ ಅರ್ಜಿ ತಳ್ಳಿಹಾಕುವುದು ಸುಲಭ. ಪರಿಚಯದ ಗಿರಾಕಿಯ ಎದುರು ಒಪ್ಪಿಬಿಡುವುದು ಸುಲಭ.

‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ನೀವೂ ನೋಡಿದ್ದೀರಿ. ಅದನ್ನು ಬರೆಸಿದವರ ಬಗ್ಗೆ ನನಗೆ ಬಹಳ ಗೌರವ. ತಲೆ ತಿಳಿಯಾಗಿದ್ದಾಗ ಒಮ್ಮೆ ತೀರ್ಮಾನಿಸಿದರು. ದಿನಾ ಸಂಜೆ ಪ್ರತಿ ಗಿರಾಕಿಯ ಮುಂದೆ ಮತ್ತೆ ಮತ್ತೆ ತೀರ್ಮಾನಿಸುವ ಕಷ್ಟ ತಪ್ಪಿತು. ಹಾಗೆಯೇ ಕಂಪನಿಯವರ ಆರ್ಡರು ವಾರಕ್ಕೊಂದೇ ಬೆಳಗ್ಗೆ ಎಂದು ಗೊತ್ತು ಮಾಡಬಹುದು. ನೂರಿನ್ನೂರರ ವ್ಯವಹಾರವನ್ನು ಕೆಲಸದ ಹುಡುಗನಿಗೇ ಬಿಡಬಹುದು. ನಷ್ಟವಾದರೆ ಕೈಯಿಂದಲೇ ತೆರಬೇಕಾದವರಿಗೆ ಹಾಗೆ ಬಿಡುವುದು ಸುಲಭವಲ್ಲ, ಗೊತ್ತು. ಆದರೂ ಬಿಡಿ. ಸಾಲದ ಕಾಗದ, ಹೊಸ ಮಳಿಗೆಯ ಅಡ್ವಾನ್ಸು ಇವಕ್ಕೆ ಮಾತ್ರ, ಯಾರೇ ಅವಸರ ಮಾಡಲಿ, ಬಾಗಿಲು ಹಾಕುವ ಹೊತ್ತಿನಲ್ಲಿ ಸಹಿ ಬೇಡ.

ಮನೆಯವರಿಗೂ ಒಂದು ಮಾತು. ‘ರಾತ್ರಿಗೆ ಏನು ಮಾಡ್ಲಿ?’ ಎಂದರೆ ‘ಏನಾದ್ರೂ ಮಾಡು’ ಎಂದು ಅಂಗಡಿ ಮುಚ್ಚಿ ಬಂದವರು ಸಿಡುಕುವುದು ತಾತ್ಸಾರದಿಂದಲ್ಲ. ಮಗಳ ಕಾಲೇಜು ಸೀಟಿನ ಮಾತನ್ನು ಆಗ ಎತ್ತಬೇಡಿ, ಬೆಳಗಿನ ಕಾಫಿಯ ಹೊತ್ತಿಗಿರಲಿ. ಇನ್ನು ಅಂಗಡಿ ನಡೆಸುವವರು ಮನೆಯ ಹೆಣ್ಣುಮಗಳೇ ಆಗಿದ್ದರೆ, ಬಾಗಿಲು ಹಾಕಿ ಬಂದವರಿಗೆ ಅಡುಗೆಮನೆಯ ಪ್ರಶ್ನೆಗಳೂ ಕಾದಿರುತ್ತವೆ. ಅಂಥ ಮನೆಯಲ್ಲಿ ಇವತ್ತಿನ ರಾತ್ರಿ ಅಡುಗೆ ಏನೆಂದು ಉಳಿದವರೇ ಗೊತ್ತು ಮಾಡಿ, ಮಾಡಿಯೂ ಇಡಿ.