ಬೀಗದ ಕೈ ಹಿಡಿದವರ ಹೊಣೆ



ಬಂಧಿಗಳ ಆರೋಗ್ಯದ ಹಕ್ಕನ್ನು ಕುರಿತ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ.

ಈ ವಿಷಯವನ್ನು ಬೆಂಗಳೂರಿನಲ್ಲಿ ಮಾತಾಡುವಾಗ ಮೊದಲು ನೆನೆಯಬೇಕಾದವರು ಸ್ನೇಹಲತಾ ರೆಡ್ಡಿ. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಾಡು ಕಂಡ ಅವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿ ಇಲ್ಲಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರಿಗೆ ತೀವ್ರ ಅಸ್ತಮಾ ಇತ್ತು. ಪದೇ ಪದೇ ಉಸಿರು ಕಟ್ಟಿದರೂ ತಕ್ಕ ಚಿಕಿತ್ಸೆ ಸಿಗಲಿಲ್ಲ. ರಾತ್ರಿಯ ಹೊತ್ತು ಅವರ ಚೀರಾಟ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆ ಮುಂದೆ ಬರೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ರಂದು ಅವರು ತೀರಿಕೊಂಡರು. ಯಾವ ನ್ಯಾಯಾಲಯವೂ ಅವರನ್ನು ಅಪರಾಧಿ ಎಂದಿರಲಿಲ್ಲ. ನಾವಿಂದು ಧರಣಿ ಕೂರುವ ಫ್ರೀಡಂ ಪಾರ್ಕ್ ಅಂದಿನ ಅದೇ ಜೈಲು.

ಆಮೇಲೆ ಏನು ಬದಲಾಯಿತು? 2020ರ ಅಕ್ಟೋಬರ್‌ನಲ್ಲಿ 83 ವರ್ಷದ ಪಾದ್ರಿ ಸ್ಟ್ಯಾನ್ ಸ್ವಾಮಿ ಅವರನ್ನು ರಾಂಚಿಯಿಂದ ಬಂಧಿಸಿ ತಲೋಜಾ ಜೈಲಿಗೆ ತಂದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದ ಅವರು, ನೀರು ಕುಡಿಯಲು ಒಂದು ಸ್ಟ್ರಾ, ಒಂದು ಸಿಪ್ಪರ್‌ಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಜಾಮೀನು ಅರ್ಜಿ ಇತ್ಯರ್ಥವಾಗುವ ಮೊದಲೇ, 2021ರ ಜುಲೈ 5ರಂದು ಮುಂಬೈನ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟರು.

ಇವರಿಬ್ಬರ ಹೆಸರು ನಮಗೆ ಗೊತ್ತು. ಹೆಸರು ಹೊರಬಾರದ ಬಡವರೇ ಬ್ಯಾರಕ್‌ಗಳ ತುಂಬ ಇದ್ದಾರೆ. ದೇಶದ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಬಂಧಿಗಳು. ನಡುರಾತ್ರಿ ಎದೆನೋವು ಬಂದರೆ ಅದು ಕಾಯಿಲೆಯೋ ನಾಟಕವೋ ಎಂದು ಮೊದಲು ತೀರ್ಮಾನಿಸುವುದು ವಾರ್ಡರ್. ವೈದ್ಯರು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರೂ ಕರೆದೊಯ್ಯಲು ಪೊಲೀಸ್ ಬೆಂಗಾವಲು ಇಲ್ಲವೆಂದು ದಿನ ಮುಂದೆ ಹೋಗುತ್ತದೆ. ಠಾಣೆಯಿಂದ ಕರೆತಂದವನ ಮೈ ಪರೀಕ್ಷಿಸುವಾಗ, ಹೊಡೆದವರೇ ಪಕ್ಕದಲ್ಲಿ ನಿಂತಿದ್ದರೆ ಅವನು ಬಾಯಿ ಬಿಡುವುದುಂಟೇ?

ಕಾನೂನಿಗೆ ಕೊರತೆಯಿಲ್ಲ. ಕಸ್ಟಡಿ ಸಾವಿಗೆ ಸರ್ಕಾರ ಪರಿಹಾರ ತೆರಬೇಕೆಂದು ಸುಪ್ರೀಂ ಕೋರ್ಟ್ 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಹೇಳಿತು. ಪೊಲೀಸ್ ವಶದಲ್ಲಿರುವವರಿಗೆ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂದು 1996ರ ಡಿ.ಕೆ. ಬಸು ತೀರ್ಪು ವಿಧಿಸಿತು. ಹೊರಗಿನ ಜನರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಬಂಧಿಗೂ ಸಿಗಬೇಕೆನ್ನುತ್ತವೆ, ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ಮಂಡೇಲಾ ನಿಯಮಗಳು.

ನನ್ನ ವಾದ ಇಷ್ಟೇ. ಹೊರಗಿನ ರೋಗಿ ಒಂದು ಆಸ್ಪತ್ರೆಯಲ್ಲಿ ಆಗದಿದ್ದರೆ ಇನ್ನೊಂದಕ್ಕೆ ಹೋಗುತ್ತಾನೆ. ಬಂಧಿಗೆ ಆ ದಾರಿಯನ್ನು ಸರ್ಕಾರವೇ ಮುಚ್ಚಿದೆ. ಹಾಗಾಗಿ ಅವನ ಪ್ರಾಣದ ಹೊಣೆ ಪೂರ್ತಿ ಸರ್ಕಾರದ್ದು. ನ್ಯಾಯಾಲಯ ಒಬ್ಬನಿಗೆ ಸೆರೆವಾಸ ವಿಧಿಸಬಹುದು. ಅವನ ಕಾಯಿಲೆಯನ್ನು ಶಿಕ್ಷೆಯ ಭಾಗವಾಗಿಸುವ ಅಧಿಕಾರ ಯಾರಿಗೂ ಇಲ್ಲ.

ಈ ಸಮಾವೇಶದ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಜೈಲಿನ ವೈದ್ಯರು ಜೈಲು ಅಧೀಕ್ಷಕರಿಗಲ್ಲ, ಆರೋಗ್ಯ ಇಲಾಖೆಗೆ ಉತ್ತರ ಕೊಡುವಂತಾಗಲಿ. ಇದು ಆಗದ ಮಾತಲ್ಲ: ಇಂಗ್ಲೆಂಡ್ 2006ರ ಹೊತ್ತಿಗೆ ಜೈಲುಗಳ ಆರೋಗ್ಯ ಸೇವೆಯನ್ನು ತನ್ನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೇ ಒಪ್ಪಿಸಿತು. ವೈದ್ಯರು ಹೊರಗೆ ಕಳಿಸಿ ಎಂದು ಬರೆದಮೇಲೆ ತಡಮಾಡಿದ ಅಧಿಕಾರಿ ತನ್ನ ಹೆಸರು, ಕಾರಣ ಎರಡನ್ನೂ ಲಿಖಿತವಾಗಿ ದಾಖಲಿಸಲಿ. ಬಂಧಿಯ ವೈದ್ಯಕೀಯ ದಾಖಲೆಯ ಪ್ರತಿ ಅವನಿಗೂ, ಅವನು ಒಪ್ಪಿದರೆ ಮನೆಯವರಿಗೂ ವಕೀಲರಿಗೂ ಸಿಗಲಿ.

ವೈದ್ಯ ಮಿತ್ರರಲ್ಲಿ ಒಂದು ವಿನಂತಿ. ಪರೀಕ್ಷೆಯ ಕೋಣೆಯಿಂದ ಪೊಲೀಸರನ್ನು ಹೊರಗೆ ಕಳಿಸಿ, ಕಂಡ ಗಾಯವನ್ನು ಕಂಡಂತೆ ಬರೆಯಿರಿ. ಹಾಗೆ ಬರೆದ ವೈದ್ಯರ ಮೇಲೆ ಒತ್ತಡ ಬಂದ ದಿನ, ಇಲ್ಲಿ ಕುಳಿತಿರುವ ನಾವೆಲ್ಲ ಅವರ ಜೊತೆ ನಿಲ್ಲಬೇಕು. ಈ ಮೂರು ಬೇಡಿಕೆಗಳನ್ನು ನಿರ್ಣಯವಾಗಿ ಅಂಗೀಕರಿಸಿ, ಸರ್ಕಾರ ಒಪ್ಪುವ ತನಕ ಬೆನ್ನುಹತ್ತೋಣ.